ಹಳಿ ಒರೆಸುವ ಬಟ್ಟೆ

ರೈಲು ಅಣ್ಣನದು, ಹಳಿ ಒರೆಸುವ ಬಟ್ಟೆ ನನ್ನದು. ಈ ಪಾಲು ಯಾರೂ ಕೂತು ಹಂಚಿದ್ದಲ್ಲ, ತಾನಾಗಿ ಆದದ್ದು. 1969ರಲ್ಲಿ ನಮ್ಮ ಸೋದರಮಾವ ತರಬೇತಿಗೆಂದು ಜರ್ಮನಿಗೆ ಹೋಗಿ ಒಂದು ವರ್ಷ ಇದ್ದು ಬಂದರು. ಬರುವಾಗ ಅಣ್ಣನಿಗೆ ಕರೆಂಟಿನಲ್ಲಿ ಓಡುವ ತಗಡಿನ ರೈಲು ತಂದರು, ನನಗೆ ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ ತಂದರು. ಗೊಂಬೆಯ ಕಣ್ಣು ತಿಂಗಳೊಪ್ಪತ್ತಿನಲ್ಲಿ ಒಳಗೆ ಬಿದ್ದುಹೋಯಿತು. ರೈಲು ಮಾತ್ರ ನಮ್ಮ ಶಿವಮೊಗ್ಗದ ಮನೆಯ ನಡುಮನೆಯಲ್ಲಿ, ಕೆಂಪು ಗಾರೆಯ ನೆಲದ ಮೇಲೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸುತ್ತು ಹೊಡೆಯುತ್ತಿತ್ತು. ಬೀದಿಯ ಹುಡುಗರೆಲ್ಲ ಗೋಡೆಗೆ ಒರಗಿ ಸಾಲಾಗಿ ಕೂರುತ್ತಿದ್ದರು.

ಎರಡು ಸುತ್ತು ಚೆನ್ನಾಗಿ ಓಡುತ್ತಿತ್ತು. ಮೂರನೆಯ ಸುತ್ತಿಗೆ ಬಾಗಿಲ ಹತ್ತಿರದ ತಿರುವಿನಲ್ಲಿ ಮುಗ್ಗರಿಸುತ್ತಿತ್ತು. ಐದನೆಯ ಸುತ್ತಿಗೆ ನಿಂತೇಬಿಡುತ್ತಿತ್ತು. ಅಣ್ಣ ಬೆರಳಿನಿಂದ ನೂಕುತ್ತಿದ್ದ, ಅದು ಒಂದು ಗೇಣು ಹೋಗಿ ಮತ್ತೆ ನಿಲ್ಲುತ್ತಿತ್ತು. ಆಗ ಅವನು ನನ್ನ ಕಡೆ ತಿರುಗಿ, "ಒರೆಸೇ" ಎನ್ನುತ್ತಿದ್ದ. ಅಪ್ಪನ ಹಳೆಯ ಪಂಚೆಯಿಂದ ಹರಿದ ಚೂರೊಂದು ನನ್ನ ಲಂಗದ ಜೇಬಿನಲ್ಲಿ ಸದಾ ಇರುತ್ತಿತ್ತು. ಮಂಡಿಯೂರಿ ಹಳಿಯುದ್ದಕ್ಕೂ ಒರೆಸಿಕೊಂಡು ಹೋಗುತ್ತಿದ್ದೆ. ಬಟ್ಟೆಯ ಮೇಲೆ ಕಾಡಿಗೆಯಂಥ ಕಪ್ಪು ಗೆರೆಗಳು ಏಳುತ್ತಿದ್ದವು. ರೈಲು ಮತ್ತೆ ಹೊರಡುತ್ತಿತ್ತು. ಗುಂಡಿ ತಿರುಗಿಸುವ ಕೆಲಸ ಮಾತ್ರ ನನಗೆ ಯಾವತ್ತೂ ಬರಲಿಲ್ಲ.

ಆ ಕಪ್ಪು ಎಲ್ಲಿಂದ ಬರುತ್ತದೆ ಎಂದು ಅಂದೇ ನನಗೆ ಕುತೂಹಲವಿತ್ತು. ಹಳಿಯ ಮೇಲೆ ನಾವು ಮಸಿ ಚೆಲ್ಲಿರಲಿಲ್ಲ. ನೆಲವನ್ನು ಬೆಳಿಗ್ಗೆ ಅಮ್ಮ ಒರೆಸಿರುತ್ತಿದ್ದಳು. ಆದರೂ ಪ್ರತಿ ವಾರ ಅಷ್ಟೇ ಕಪ್ಪು. ಉತ್ತರ ಸಿಕ್ಕಿದ್ದು ಬಹಳ ವರ್ಷಗಳಾದ ಮೇಲೆ, ಈ ಆಟದ ರೈಲುಗಳ ಚರಿತ್ರೆಯನ್ನು ಅಲ್ಲಿ ಇಲ್ಲಿ ಓದತೊಡಗಿದಾಗ. ಆ ಚರಿತ್ರೆ ಅಪ್ಪ-ಮಗನ ಚರಿತ್ರೆಯೆಂದೇ ಎಲ್ಲರ ಭಾವನೆ. ಹಳೆಯ ಜಾಹೀರಾತುಗಳಲ್ಲೂ ಹಾಗೆಯೇ: ಅಪ್ಪ ನೆಲದ ಮೇಲೆ ಬಗ್ಗಿರುತ್ತಾನೆ, ಮಗ ಚಪ್ಪಾಳೆ ತಟ್ಟುತ್ತಾನೆ, ಅಮ್ಮ ಬಾಗಿಲಲ್ಲಿ ನಗುತ್ತಾ ನಿಂತಿರುತ್ತಾಳೆ. ಆದರೆ ಕಥೆ ಶುರುವಾಗುವುದೇ ಅಡುಗೆಮನೆಯಲ್ಲಿ ಎಂದರೆ ನೀವು ನಂಬಬೇಕು.

ಜರ್ಮನಿಯ ದಕ್ಷಿಣ ಭಾಗದಲ್ಲಿ ಗೊಪ್ಪಿಂಗೆನ್ ಎಂಬ ಊರು. 1859ರಲ್ಲಿ ಅಲ್ಲಿ ಥಿಯೋಡೋರ್ ಮಾರ್ಕ್ಲಿನ್ ಎಂಬ ತಗಡು ಕೆಲಸದವನು ಒಂದು ಸಣ್ಣ ಕಾರ್ಖಾನೆ ತೆರೆದ. ಅವನು ಮಾಡುತ್ತಿದ್ದದ್ದು ರೈಲಲ್ಲ. ಹೆಣ್ಣುಮಕ್ಕಳ ಗೊಂಬೆಮನೆಗೆ ಬೇಕಾದ ಪುಟ್ಟ ಅಡುಗೆ ಪಾತ್ರೆಗಳು. ನಮ್ಮಲ್ಲಿ ಮರದ ಅಡುಗೆ ಸಾಮಾನು, ಮಣ್ಣಿನ ಕುಡಿಕೆಗಳಿದ್ದಂತೆ ಅಲ್ಲಿ ತಗಡಿನ ಒಲೆ, ತಗಡಿನ ಬಾಣಲೆ. ಮಾಡಿದ್ದನ್ನು ಮಾರಲು ಊರೂರು ತಿರುಗುತ್ತಿದ್ದವಳು ಅವನ ಹೆಂಡತಿ ಕ್ಯಾರೊಲಿನ್. ದಕ್ಷಿಣ ಜರ್ಮನಿ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಮಾದರಿ ಸಾಮಾನುಗಳನ್ನು ಹೊತ್ತು ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದಳು. ಹೆಂಗಸೊಬ್ಬಳು ಹಾಗೆ ವ್ಯಾಪಾರಕ್ಕೆ ತಿರುಗುವುದು ಆ ಕಾಲಕ್ಕೆ ಅಪರೂಪ. 1866ರಲ್ಲಿ ಗಂಡ ತೀರಿಕೊಂಡ. ಕಾರ್ಖಾನೆ ಮುಚ್ಚಲಿಲ್ಲ. ಮಕ್ಕಳನ್ನು ಸಾಕುತ್ತಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವಳೇ ಅದನ್ನು ಎಳೆದಳು. 1888ರಲ್ಲಿ ಗಂಡುಮಕ್ಕಳು ವಹಿಸಿಕೊಂಡು "ಮಾರ್ಕ್ಲಿನ್ ಸಹೋದರರು" ಎಂದು ಬೋರ್ಡು ಬರೆಸಿದರು. ಬೋರ್ಡಿನಲ್ಲಿ ಸಹೋದರರು ಬಂದರು, ತಾಯಿ ಬರಲಿಲ್ಲ. ಅದೇನು ಹೊಸ ಸಂಗತಿಯೇ, ಬಿಡಿ.

1891ರ ಲೀಪ್‌ಸಿಗ್ ಜಾತ್ರೆಯಲ್ಲಿ ಈ ಸಹೋದರರು ಕೀಲಿ ಕೊಟ್ಟರೆ ಓಡುವ ರೈಲನ್ನು ಇಟ್ಟರು. ಎಂಟರ ಆಕಾರದಲ್ಲಿ ಹಳಿ. ಆಟದ ರೈಲುಗಳು ಅದಕ್ಕೂ ಮೊದಲು ಇದ್ದವು. ಇವರ ಹೊಸತನ ಏನೆಂದರೆ, ಹಳಿಯ ಅಗಲಕ್ಕೆ ಗೊತ್ತಾದ ಅಳತೆಗಳನ್ನು ಮಾಡಿ ನಂಬರು ಕೊಟ್ಟರು, ಹಳಿಯನ್ನು ತುಂಡುತುಂಡಾಗಿ ಮಾರಿದರು. ಈ ಹಬ್ಬಕ್ಕೆ ಎಂಜಿನ್ನು, ಮುಂದಿನ ಹಬ್ಬಕ್ಕೆ ಎರಡು ಡಬ್ಬಿ, ಅದರ ಮುಂದಿನದಕ್ಕೆ ಒಂದು ಸ್ಟೇಷನ್ನು. ಈ ಉಪಾಯ ಎಲ್ಲಿಂದ ಬಂತು? ಗೊಂಬೆಮನೆಯಿಂದ. ಗೊಂಬೆಮನೆಗೆ ಈ ವರ್ಷ ಒಲೆ, ಬರುವ ವರ್ಷ ಕಪಾಟು ಎಂದು ಕೂಡಿಸುತ್ತಾ ಹೋಗುವುದು ಹೆಣ್ಣುಮಕ್ಕಳಿಗೆ ಗೊತ್ತಿದ್ದ ಸಂಗತಿ. ದಸರಾ ಗೊಂಬೆ ಕೂರಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೂ ಹಳೆಯ ಒಂದು ಜಾತಿಯ ಆಟದ ಎಂಜಿನ್ನುಗಳಿದ್ದವು. ಹಿತ್ತಾಳೆಯವು, ಹಳಿಯೇ ಇಲ್ಲ, ಬರಿ ನೆಲದ ಮೇಲೆ ಓಡುವಂಥವು. ಹೊಟ್ಟೆಗೆ ನೀರು ತುಂಬಿ, ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ಹಬೆಯಾಗಿ ಓಡುತ್ತಿದ್ದವು, ಓಡಿದಲ್ಲೆಲ್ಲ ನೀರು ತೊಟ್ಟಿಕ್ಕಿಸುತ್ತಿದ್ದವು. ಅದಕ್ಕೇ ಅವುಗಳಿಗೆ "ಬರ್ಮಿಂಗ್‌ಹ್ಯಾಮ್ ಡ್ರಿಬ್ಲರ್" ಎಂದು ಹೆಸರು, ಅಂದರೆ ಜೊಲ್ಲು ಸುರಿಸುವವು. ಕೆಲವೊಮ್ಮೆ ಮಗುಚಿ ನೆಲಗಂಬಳಿಗೆ ಬೆಂಕಿಯೂ ಹಚ್ಚುತ್ತಿದ್ದವು. ಆ ನೆಲಗಂಬಳಿಯನ್ನು ಒರೆಸುತ್ತಿದ್ದವರು ಯಾರೆಂದು ಪುಸ್ತಕಗಳು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ.

ಕೀಲಿಯ ರೈಲಿಗಾಗಲಿ ಹಬೆಯ ರೈಲಿಗಾಗಲಿ ಹಳಿ ಕೊಳೆಯಾದರೆ ಅಂಥ ತೊಂದರೆಯಿಲ್ಲ. ಒಂದಿಷ್ಟು ಧೂಳಿದ್ದರೂ ತುಳಿದುಕೊಂಡು ಹೋಗುತ್ತದೆ. ತೊಂದರೆ ಶುರುವಾದದ್ದು ಕರೆಂಟು ಬಂದ ಮೇಲೆ. ಅಮೆರಿಕದ ಸಿನ್ಸಿನಾಟಿಯಲ್ಲಿ 1890ರ ದಶಕದ ಕೊನೆಯಲ್ಲೇ ಬ್ಯಾಟರಿಯಿಂದ ಓಡುವ ರೈಲುಗಳನ್ನು ಮಾಡಿ ಮಾರುತ್ತಿದ್ದರು. ನ್ಯೂಯಾರ್ಕಿನಲ್ಲಿ ಜೋಶುವಾ ಲಯನೆಲ್ ಕೋವೆನ್ ಎಂಬಾತ 1900ರ ಹೊತ್ತಿಗೆ ಅಂಗಡಿಯ ಗಾಜಿನ ಕಿಟಕಿಯಲ್ಲಿ ಸುತ್ತುವ ಒಂದು ಬಂಡಿ ಮಾಡಿದ. ಅದು ಮಕ್ಕಳ ಆಟಕ್ಕಲ್ಲ, ಬೀದಿಯಲ್ಲಿ ಹೋಗುವವರ ಕಣ್ಣು ಸೆಳೆಯಲಿ ಎಂದು. ಜನ ಒಳಗೆ ಬಂದು ಅಂಗಡಿಯ ಸಾಮಾನು ಬಿಟ್ಟು ಆ ಬಂಡಿಯನ್ನೇ ಕೇಳಿದರು. ಲಯನೆಲ್ ಕಂಪನಿ ಹುಟ್ಟಿದ್ದು ಹಾಗೆ.

ಈಗ ಆ ಕಪ್ಪಿನ ವಿಷಯಕ್ಕೆ ಬರೋಣ. ಕರೆಂಟಿನ ರೈಲಿನಲ್ಲಿ ತಂತಿ ಎಂಜಿನ್ನಿನ ತನಕ ಹೋಗುವುದಿಲ್ಲ; ಹಳಿಯೇ ತಂತಿ. ಒಂದು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟಾರಿಗೆ, ಮೋಟಾರಿನಿಂದ ಆ ಕಡೆಯ ಗಾಲಿಗೆ, ಅಲ್ಲಿಂದ ಇನ್ನೊಂದು ಹಳಿಗೆ ಕರೆಂಟು ಹರಿಯಬೇಕು. ಗಾಲಿ ಹಳಿಯನ್ನು ಮುಟ್ಟುವ ಜಾಗ ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ಆ ಚುಕ್ಕೆಯಷ್ಟು ಜಾಗದಲ್ಲಿ ಜಿಡ್ಡಿದ್ದರೆ ಮುಗಿಯಿತು. ಮಕ್ಕಳಿಗೆ ಅಪಾಯವಾಗದಿರಲಿ ಎಂದು ಇಟ್ಟದ್ದು ಬರೀ 12 ವೋಲ್ಟು, 16 ವೋಲ್ಟು. ಅಷ್ಟು ಸಣ್ಣ ಕರೆಂಟಿಗೆ ಕೊಳೆಯ ಪೊರೆಯನ್ನು ಸೀಳಿಕೊಂಡು ಹೋಗುವ ಶಕ್ತಿಯಿಲ್ಲ. ಟಾರ್ಚು ಹತ್ತದಿದ್ದಾಗ ಶೆಲ್ಲುಗಳನ್ನು ಹೊರಗೆ ತೆಗೆದು, ತುದಿಯನ್ನು ಸೆರಗಿಗೆ ಉಜ್ಜಿ ಮತ್ತೆ ಹಾಕುತ್ತೇವಲ್ಲ, ಅದೇ ವಿದ್ಯೆ ಇದು.

ಕೊಳೆ ಕೂಡುವುದು ನಾಲ್ಕಾರು ಕಡೆಯಿಂದ. ಅಚ್ಚಿಗೆ ಬಿಟ್ಟ ಎಣ್ಣೆ ಮೆಲ್ಲಗೆ ಗಾಲಿಗೆ ಇಳಿಯುತ್ತದೆ. ಮನೆಯ ಧೂಳು, ಬಟ್ಟೆಯ ನಾರು, ನಮ್ಮಂಥ ಮನೆಯಾದರೆ ಒಗ್ಗರಣೆಯ ಹೊಗೆ, ಎಲ್ಲ ಬಂದು ಅದರ ಮೇಲೆ ಕೂರುತ್ತವೆ. ಹಳಿಯನ್ನು ಮುಟ್ಟಿದ ಕೈಯ ಬೆವರು ಬೇರೆ. ಗಾಲಿ ಹಳಿಯಿಂದ ಕೂದಲೆಳೆಯಷ್ಟು ಎದ್ದರೂ ನಡುವೆ ಕಿಡಿ ಹಾರುತ್ತದೆ. ಕತ್ತಲೆಯಲ್ಲಿ ನೋಡಿದರೆ ಆ ನೀಲಿ ಕಿಡಿಗಳು ಕಾಣುತ್ತವೆ. ನಾವು ಮಕ್ಕಳು ದೀಪ ಆರಿಸಿ ಅದನ್ನು ನೋಡುವುದಕ್ಕೇ ಕಾಯುತ್ತಿದ್ದೆವು. ಒಲೆಯ ಮೇಲಿನ ಹಂಚಿಗೆ ಎಣ್ಣೆಯ ಕರಿ ಕಟ್ಟುವ ಹಾಗೆ, ಆ ಕಿಡಿಗಳು ಜಿಡ್ಡನ್ನೂ ಧೂಳನ್ನೂ ಸುಟ್ಟು, ಲೋಹದ ಮೇಲ್ಮೈಯನ್ನೂ ಕೊಂಚ ಸುಟ್ಟು, ಕರಿ ಕಟ್ಟಿಸುತ್ತವೆ. ನನ್ನ ಪಂಚೆ ಚೂರಿಗೆ ಹತ್ತುತ್ತಿದ್ದ ಕಾಡಿಗೆ ಅದೇ. ರೈಲು ಓಡಿದ್ದರಿಂದಲೇ ಹುಟ್ಟಿದ ಕೊಳೆ. ಓಡದಿದ್ದರೆ ಕಪ್ಪೂ ಇಲ್ಲ, ಅಡುಗೆ ಮಾಡದ ಮನೆಯಲ್ಲಿ ಮುಸುರೆ ಇಲ್ಲದ ಹಾಗೆ.

ಗಾಲಿಯದು ಇನ್ನೂ ಸೂಕ್ಷ್ಮ. ಈ ಕರಿ ಗಾಲಿಯ ಸುತ್ತ ಬಳೆಯಂತೆ ಕೂತುಬಿಡುತ್ತದೆ. ಎಂಜಿನ್ನನ್ನು ಮಗುಚಿ ಹಾಕಿದರಲ್ಲದೆ ಕಣ್ಣಿಗೆ ಬೀಳುವುದಿಲ್ಲ. ಹಳಿಯನ್ನು ಥಳಥಳ ಮಾಡಿ ಗಾಲಿಯನ್ನು ಹಾಗೇ ಬಿಟ್ಟರೆ, ನೆಲ ಒರೆಸಿ ಕೊಳೆ ಕಾಲಿನಲ್ಲೇ ಓಡಾಡಿದ ಹಾಗೆ: ಒಂದು ಸುತ್ತಿನಲ್ಲಿ ಗಾಲಿ ತನ್ನ ಕೊಳೆಯನ್ನೆಲ್ಲ ಹಳಿಗೆ ವಾಪಸು ಹಚ್ಚುತ್ತದೆ. ನಾವು ಮಾಡುತ್ತಿದ್ದದ್ದು ಇದೇ ತಪ್ಪು. ವರ್ಷಗಟ್ಟಲೆ ನಾನು ಹಳಿ ಒರೆಸಿದೆ. ಎಂಜಿನ್ನನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ, ಅಣ್ಣನಿಗೆ ಒರೆಸಬೇಕೆಂದು ತೋಚಲಿಲ್ಲ.

ರೈಲುಗಳು ಸಣ್ಣವಾದಂತೆ ಕೊಳೆ ದೊಡ್ಡದಾಯಿತು. 1935ರಲ್ಲಿ ಅದೇ ಲೀಪ್‌ಸಿಗ್‌ನಲ್ಲಿ ಮಾರ್ಕ್ಲಿನ್‌ನವರು ಊಟದ ಮೇಜಿನ ಮೇಲೆ ಹಿಡಿಸುವಂಥ ರೈಲನ್ನು ತೋರಿಸಿದರು. ಹಳಿಗಳ ನಡುವೆ ಬರೀ 16.5 ಮಿಲಿಮೀಟರು. ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿಯವರು 1938ರಲ್ಲಿ ತಮ್ಮ ಪುಟ್ಟ ರೈಲನ್ನು ತಂದರು. ಈ ಅಳತೆಯ ರೈಲು ನಿಜವಾದ ರೈಲಿನ 87ನೇ ಒಂದು ಪಾಲು ಎಂದು ಲೆಕ್ಕ. ನಾನು ಕೂತು ಗುಣಿಸಿ ನೋಡಿದ್ದೇನೆ. ಹಳಿಯ ಮೇಲೆ ನಿಮ್ಮ ತಲೆಗೂದಲೊಂದು ಬಿದ್ದರೆ ಆ ರೈಲಿನ ಪಾಲಿಗೆ ಅದು ಪೆನ್ಸಿಲ್ ದಪ್ಪದ ಹಗ್ಗ. ಒಂದು ಸಾಸಿವೆ ಕಾಳು ಬಿದ್ದರೆ ಸುಲಿದ ತೆಂಗಿನಕಾಯಿ ಗಾತ್ರದ ಕಲ್ಲು. ಎಂಜಿನ್ನಿನ ತೂಕವೂ ಕಡಿಮೆ, ಕೊಳೆಯನ್ನು ತುಳಿದು ಹೋಗುವ ಭಾರವಿಲ್ಲ. ಬಟ್ಟೆಯಿಲ್ಲದೆ ಈ ಆಟವೇ ಇಲ್ಲ ಎನ್ನುವ ಸ್ಥಿತಿ ಬಂದದ್ದು ಆಗ.

ಹಳಿಯ ಲೋಹದ ಕಥೆಯನ್ನು ಕೇಳಿದರೆ ನಿಮಗೆ ನಿಮ್ಮ ಅಟ್ಟದ ಪಾತ್ರೆಗಳು ನೆನಪಾಗಬಹುದು. ಮೊದಲು ತಗಡು: ಒಳಗೆ ಕಬ್ಬಿಣ, ಮೇಲೆ ತೆಳ್ಳಗೆ ತವರದ ಲೇಪ. ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಹಚ್ಚುತ್ತಿದ್ದ ತವರವೇ ಅದು. ಆಮೇಲೆ ಹಿತ್ತಾಳೆ ಹಳಿ ಬಂತು. ಹಿತ್ತಾಳೆಯ ಗುಣ ನಮಗೆ ಗೊತ್ತಿದ್ದದ್ದೇ. ಎರಡು ದಿನ ಮುಟ್ಟದಿದ್ದರೆ ಮಂಕು, ಮಳೆಗಾಲವಾದರೆ ಕಿಲುಬು. ಕೊನೆಗೆ ಹೆಚ್ಚಿನ ಕಂಪನಿಗಳವರು ನೆಚ್ಚಿದ್ದು ನಿಕಲ್ ಸಿಲ್ವರನ್ನು. ಹೆಸರಿನಲ್ಲಿ ಬೆಳ್ಳಿ ಇದೆ, ಒಳಗೆ ಒಂದು ಗುಂಜಿ ಬೆಳ್ಳಿಯೂ ಇಲ್ಲ. ತಾಮ್ರ, ನಿಕಲ್, ಸತು ಸೇರಿಸಿ ಮಾಡಿದ ಮಿಶ್ರ ಲೋಹ. ಇದಕ್ಕೆ ನಮ್ಮೂರ ಪಾತ್ರೆ ಅಂಗಡಿಯಲ್ಲಿ ಇನ್ನೊಂದು ಹೆಸರಿದೆ: ಜರ್ಮನ್ ಸಿಲ್ವರ್. ಹೌದು, ಮದುವೆ ಮನೆಗಳಲ್ಲಿ ಕೊಡುವ ಆ ಕುಂಕುಮದ ಬಟ್ಟಲು, ಪನ್ನೀರುದಾನಿಗಳ ಲೋಹವೇ. ಬೇಗ ಮಂಕಾಗುವುದಿಲ್ಲ, ಮಂಕಾದರೂ ಬಟ್ಟೆಗೆ ಬಗ್ಗುತ್ತದೆ.

ನಿಜವಾದ ಬೆಳ್ಳಿಯ ರೈಲೂ ಒಂದಿದೆ, ಅದೂ ನಮ್ಮ ದೇಶದಲ್ಲೇ. ಗ್ವಾಲಿಯರ್‌ನ ಮಹಾರಾಜ ಮಾಧೋರಾವ್ ಸಿಂಧಿಯಾರಿಗೆ ರೈಲೆಂದರೆ ಹುಚ್ಚು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ಯಾಸೆಟ್-ಲೋಕ್ ಕಂಪನಿಯಿಂದ ಜೈವಿಲಾಸ್ ಅರಮನೆಯ ಊಟದ ಮೇಜಿಗೆ ಒಂದು ಬೆಳ್ಳಿಯ ರೈಲು ಮಾಡಿಸಿದರು. ಮೇಜಿನ ಮೇಲೆಯೇ ಹಳಿ, ಕರೆಂಟಿನಲ್ಲಿ ಓಟ. ರೈಲಿನ ಮೇಲೆ ಪಾನೀಯದ ಗಾಜಿನ ಸೀಸೆಗಳು, ಚುಟ್ಟಾ, ಇತ್ಯಾದಿ. ಬಂಡಿಗಳ ಮೇಲೆ ಸಿಂಧಿಯಾ ಹೆಸರಿನ ಇಂಗ್ಲಿಷ್ ಅಕ್ಷರಗಳು. ಅತಿಥಿ ತನ್ನ ಮುಂದೆ ಬಂದಾಗ ಸೀಸೆ ಎತ್ತಿಕೊಂಡರೆ ರೈಲು ನಿಲ್ಲುತ್ತದೆ, ವಾಪಸು ಇಟ್ಟರೆ ಹೊರಡುತ್ತದೆ. ಅರಮನೆಯ ಮ್ಯೂಸಿಯಮ್ಮಿನಲ್ಲಿ ಅದನ್ನು ಈಗಲೂ ನೋಡಬಹುದು. ಒಮ್ಮೆ ವೈಸರಾಯ್ ಊಟಕ್ಕೆ ಕೂತಿದ್ದಾಗ ಕರೆಂಟು ಎಡವಟ್ಟಾಗಿ ರೈಲು ಹುಚ್ಚೆದ್ದು ಓಡಿ, ಅತಿಥಿಗಳ ಮೈಮೇಲೆಲ್ಲ ಊಟ ಚೆಲ್ಲಿತೆಂದು ಒಂದು ಕಥೆ ಹೇಳುತ್ತಾರೆ. ಅದನ್ನು ಓದಿ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಬೇರೆ ಯೋಚನೆ. ಬೆಳ್ಳಿ ಗಾಳಿಗೇ ಕಪ್ಪಾಗುವ ಲೋಹ. ದೇವರ ಮನೆಯ ಎರಡು ದೀಪ ಬೆಳಗುವುದಕ್ಕೇ ಹಬ್ಬದ ಹಿಂದಿನ ದಿನ ಅರ್ಧ ಹೊತ್ತು ಹೋಗುತ್ತದೆ. ಮೇಜಿನುದ್ದದ ಹಳಿ, ಏಳೆಂಟು ಬಂಡಿ, ಅದೆಷ್ಟು ಗಾಲಿ! ಔತಣದ ಹಿಂದಿನ ರಾತ್ರಿ ಎಷ್ಟು ಜನ ಕೂತು ಉಜ್ಜಿರಬೇಕು?

ಆಟದ ಮಾತಾಯಿತು. ದೊಡ್ಡ ರೈಲಿನಲ್ಲೂ ಒರೆಸುವ ಕೆಲಸಕ್ಕೊಂದು ಚರಿತ್ರೆಯಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಹಬೆ ಎಂಜಿನ್ನುಗಳ ಕಾಲದಲ್ಲಿ ಬ್ರಿಟನ್ನಿನಲ್ಲಿ ಡ್ರೈವರ್ ಆಗಬೇಕಾದ ಹುಡುಗ ಮೊದಲು ಕ್ಲೀನರ್ ಆಗಿ ಸೇರಬೇಕಿತ್ತು. ಶೆಡ್ಡಿನಲ್ಲಿ ರಾತ್ರಿಯೆಲ್ಲ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಗಾಲಿ, ಸರಳು, ಹೊಟ್ಟೆ ಎಲ್ಲ ಒರೆಸಬೇಕು. ಒರೆಸುತ್ತಾ ಒರೆಸುತ್ತಾ ಎಂಜಿನ್ನಿನ ಅಂಗಾಂಗ ಪರಿಚಯವಾಗುತ್ತದೆ, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಸಡಿಲಾಗಿದೆ ಎಂದು ಕೈಗೇ ತಿಳಿಯುತ್ತದೆ. ಅಲ್ಲಿಂದ ಮೇಲಕ್ಕೆ ಫೈರ್‌ಮನ್, ಫೈರ್‌ಮನ್‌ನಿಂದ ಡ್ರೈವರ್. ಬಟ್ಟೆ ಹಿಡಿಯುವುದು ಏಣಿಯ ಮೊದಲ ಮೆಟ್ಟಿಲು.

ಮೊದಲ ಮಹಾಯುದ್ಧದಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ ಆ ಬಟ್ಟೆ ಹೆಂಗಸರ ಕೈಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಮತ್ತೊಮ್ಮೆ. ಅಮೆರಿಕದಲ್ಲಿಯೂ ಹಾಗೆಯೇ. 1943ರ ಏಪ್ರಿಲ್‌ನಲ್ಲಿ ಅಯೋವಾ ರಾಜ್ಯದ ಕ್ಲಿಂಟನ್ ಎಂಬ ಊರಿನ ಎಂಜಿನ್ ಶೆಡ್ಡಿನಲ್ಲಿ ಜ್ಯಾಕ್ ಡೆಲಾನೊ ಎಂಬ ಛಾಯಾಗ್ರಾಹಕರು ಅಂಥ ಹೆಂಗಸರ ಬಣ್ಣದ ಫೋಟೋಗಳನ್ನು ತೆಗೆದಿದ್ದಾರೆ. ಒಂದರಲ್ಲಿ ಒಬ್ಬಾಕೆ ಬೆಟ್ಟದಂಥ ಎಂಜಿನ್ನಿಗೆ ಬಿಸಿ ಹಬೆಯ ಸ್ನಾನ ಮಾಡಿಸುತ್ತಿದ್ದಾಳೆ. ಇನ್ನೊಂದರಲ್ಲಿ ಅವರೆಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡು ಮೇಜಿನ ಸುತ್ತ ಊಟಕ್ಕೆ ಕೂತಿದ್ದಾರೆ. ಮನೆಗೆಲಸ ಮುಗಿಸಿ ಮೂರು ಗಂಟೆಗೆ ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಕೂರುವ ನಮ್ಮ ಮನೆಯ ಹೆಂಗಸರ ಮುಖದ ಮೇಲೆ ಇರುತ್ತದಲ್ಲ, ಅದೇ ದಣಿವು, ಅದೇ ನಿರಾಳ.

ಆದರೆ ಬ್ರಿಟನ್ನಿನಲ್ಲಿ ಹೆಂಗಸರು ಬಂದಾಗ ಏಣಿಗೆ ಎರಡನೆಯ ಮೆಟ್ಟಿಲೇ ಇರಲಿಲ್ಲ. ಒರೆಸಿದರು, ತೊಳೆದರು, ಎಣ್ಣೆ ಹಚ್ಚಿದರು. ಫೈರ್‌ಮನ್ ಆಗಲಿಲ್ಲ, ಡ್ರೈವರ್ ಆಗಲಿಲ್ಲ. ಯುದ್ಧ ಮುಗಿಯಿತು, ಗಂಡಸರು ಬಂದರು, ಬಟ್ಟೆ ಕೊಟ್ಟು ಮನೆಗೆ ಹೋದರು. ನಮ್ಮ ದೇಶದಲ್ಲಿ ಸಾತಾರಾ ಕಡೆಯ ಸುರೇಖಾ ಯಾದವ್ ಅವರು ರೈಲು ನಡೆಸುವ ಕೆಲಸಕ್ಕೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಅಷ್ಟು ಹೊತ್ತಿಗೆ ನಮ್ಮ ದೇಶದಲ್ಲಿ ರೈಲು ಓಡತೊಡಗಿ 130 ವರ್ಷ ದಾಟಿತ್ತು.

ಆಟದ ರೈಲಿನವರಿಗೂ ಒಮ್ಮೆ ಹೆಣ್ಣುಮಕ್ಕಳ ನೆನಪಾದದ್ದುಂಟು. 1957ರಲ್ಲಿ ಲಯನೆಲ್ ಕಂಪನಿ ಹುಡುಗಿಯರಿಗೆಂದೇ ಒಂದು ರೈಲು ಮಾಡಿತು. ಎಂಜಿನ್ನು ಗುಲಾಬಿ ಬಣ್ಣ, ಡಬ್ಬಿಗಳು ತಿಳಿನೀಲಿ, ತಿಳಿಹಳದಿ, ತಿಳಿನೇರಳೆ. ಕೇಕಿನ ಮೇಲಿನ ಸಕ್ಕರೆ ಹೂವಿನ ಹಾಗೆ. ಅದು ಮಾರಾಟವಾಗಲಿಲ್ಲ. ಹುಡುಗಿಯರಿಗೆ ರೈಲು ಬೇಡವಾಗಿತ್ತೆಂದು ಕಂಪನಿಯವರು ತಿಳಿದರಂತೆ. ರೈಲನ್ನು ಬಯಸಿದ ಹುಡುಗಿಗೆ ನಿಜವಾದ ರೈಲಿನಂಥ ಕಪ್ಪು ರೈಲೇ ಬೇಕಿತ್ತು ಎಂಬುದು ಅವರಿಗೆ ಹೊಳೆಯಲಿಲ್ಲ. ಮಾರಾಟವಾಗದೆ ಉಳಿದ ಆ ಗುಲಾಬಿ ರೈಲಿಗೆ ಈಗ ಹಳೆಯ ಸಾಮಾನು ಕೂಡಿಡುವವರು ತುಂಬ ದುಡ್ಡು ಕೊಡುತ್ತಾರೆ. 1991ರಲ್ಲಿ ಅದರ ನಕಲನ್ನೂ ಮಾಡಿ ಮಾರಿದರು.

ಒರೆಸಲು ತಂಗಿಯರಿಲ್ಲದ ಗಂಡಸರು ಏನೇನು ಉಪಾಯ ಹೂಡಿದರೆಂಬುದನ್ನು ಓದುವಾಗ ನನಗೆ ನಗುವೂ ಬರುತ್ತದೆ, ಮೆಚ್ಚಿಗೆಯೂ ಆಗುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಆಲನ್ ಎಂಬವರಿದ್ದರು. ಮನೆಯ ನೆಲಮಾಳಿಗೆ ತುಂಬ ಬೆಟ್ಟ, ಕಣಿವೆ, ಸೇತುವೆ ಕಟ್ಟಿ ಪುಟ್ಟ ರೈಲುಗಳನ್ನು ಓಡಿಸುತ್ತಿದ್ದರು. ಅವರ ಹೆಸರಿನಲ್ಲಿ ಪ್ರಸಿದ್ಧವಾದ ಉಪಾಯ ಬಹಳ ಸರಳ. ಒಂದು ಡಬ್ಬಿಯ ಹೊಟ್ಟೆಯಡಿ ಹಾರ್ಡ್‌ಬೋರ್ಡಿನ ತುಂಡೊಂದನ್ನು ಒರಟು ಮುಖ ಕೆಳಗಾಗಿ ಸಡಿಲವಾಗಿ ತೂಗುಬಿಡುವುದು. ರೈಲು ಓಡುತ್ತಾ ಹೋದಂತೆ ತುಂಡು ಹಳಿಯನ್ನು ಒರೆಸುತ್ತಾ ಹೋಗುತ್ತದೆ. ರೈಲೇ ತನ್ನ ದಾರಿಯನ್ನು ಗುಡಿಸಿಕೊಳ್ಳುತ್ತದೆ. ಜಾನ್ ಆಲನ್ 1973ರ ಜನವರಿಯಲ್ಲಿ ತೀರಿಕೊಂಡರು. ಹತ್ತಾರು ದಿನದಲ್ಲೇ ಆ ಮನೆಗೆ ಬೆಂಕಿ ಬಿದ್ದು ಬೆಟ್ಟ, ಸೇತುವೆಗಳು ಹೆಚ್ಚಿನಂಶ ಸುಟ್ಟುಹೋದವು. ಆ ಹಾರ್ಡ್‌ಬೋರ್ಡಿನ ಉಪಾಯ ಮಾತ್ರ ಲೋಕವೆಲ್ಲ ಓಡಾಡುತ್ತಿದೆ.

ಇನ್ನು ಕೆಲವರು ಹಳಿಗೆ ಮೆತ್ತನೆಯ ಪೆನ್ಸಿಲ್ ಸೀಸವನ್ನು ಒಂದು ಗೆರೆ ಎಳೆಯುತ್ತಾರೆ. ಕೆಲವರು ಕ್ಷೌರದ ಮಿಷನ್ನಿಗೆ ಬಿಡುವ ಎಣ್ಣೆಯನ್ನು ಒಂದೇ ತೊಟ್ಟು ಹಚ್ಚುತ್ತಾರೆ. ಸ್ಪಿರಿಟ್ ಒಳ್ಳೆಯದೋ ಸೀಮೆಎಣ್ಣೆಯ ಜಾತಿಯ ಎಣ್ಣೆ ಒಳ್ಳೆಯದೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಸ್ಪಿರಿಟ್ ಹಚ್ಚಿದ ಹಳಿ ಬೇಗ ಕಪ್ಪಾಗುತ್ತದೆಂದು ಈಚೆಗೆ ಅದನ್ನು ಬಿಟ್ಟವರು ಬಹಳ. ಗಾಲಿಗೆ ಒಂದು ಚಂದದ ಉಪಾಯವಿದೆ. ಕಾಗದದ ಟವೆಲ್ಲನ್ನು ಒದ್ದೆ ಮಾಡಿ ಹಳಿಯ ಮೇಲೆ ಅಡ್ಡ ಹಾಸಬೇಕು. ಎಂಜಿನ್ನಿನ ಅರ್ಧ ಗಾಲಿಗಳು ಕಾಗದದ ಮೇಲೆ, ಅರ್ಧ ಬರಿ ಹಳಿಯ ಮೇಲೆ ಇರುವಂತೆ ಹಿಡಿದು ಕರೆಂಟು ಕೊಡಬೇಕು. ಕಾಗದದ ಮೇಲಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿ ತಮ್ಮ ಕಾಲನ್ನು ತಾವೇ ತೊಳೆದುಕೊಳ್ಳುತ್ತವೆ. ಆಮೇಲೆ ತಿರುಗಿಸಿ ಹಿಡಿದು ಉಳಿದವಕ್ಕೂ ಹಾಗೇ ಮಾಡುವುದು. ಹೊರಗಿನಿಂದ ಬಂದವರು ಕಾಲೊರಸಿನ ಮೇಲೆ ಕಾಲು ತಿಕ್ಕಿಕೊಂಡು ಬರುವ ಹಾಗೆ.

ಎಲ್ಲ ಜಗಳಗಳ ನಡುವೆ ಎಲ್ಲರೂ ಒಪ್ಪುವ ಒಂದೆರಡು ಮಾತುಗಳಿವೆ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಹಳಿಯ ಹತ್ತಿರ ತರಬಾರದು. ಅದರ ಕಣ್ಣಿಗೆ ಕಾಣದ ಚೂರುಗಳನ್ನು ಮೋಟಾರಿನ ಅಯಸ್ಕಾಂತ ಒಳಗೆ ಎಳೆದುಕೊಂಡು ಕೆಟ್ಟು ಕೂರುತ್ತದೆ. ಮರಳು ಕಾಗದ ಹಾಕಿ ಉಜ್ಜಬಾರದು. ಉಜ್ಜಿದಾಗ ಹಳಿ ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಮೈಮೇಲೆ ಸಣ್ಣ ಗೀರುಗಳಾಗುತ್ತವೆ. ಮುಂದಿನ ಕೊಳೆ ಆ ಗೀರುಗಳಲ್ಲಿ ಮನೆ ಮಾಡುತ್ತದೆ. ತಗಡಿನ ಹಳಿಯಾದರಂತೂ ಮೇಲಿನ ತವರವೇ ಕಿತ್ತುಬರುತ್ತದೆ.

ಈ ಸಾಲನ್ನು ನಾನು ಓದಿದ ದಿನ ಪುಸ್ತಕ ಮುಚ್ಚಿಟ್ಟೆ.

ನನಗೆ ಹತ್ತು ವರ್ಷ. ಹಿತ್ತಲಿನ ಬಾಗಿಲು ರಿಪೇರಿಗೆ ಬಡಗಿ ಬಂದಿದ್ದ. ಅವನ ಕೈಯಲ್ಲಿದ್ದ ಮರಳು ಕಾಗದ ಹಳೆಯ ಬಾಗಿಲನ್ನು ಹೊಸದರಂತೆ ಮಾಡಿದ್ದನ್ನು ನೋಡಿ, ಅವನು ಬಿಸಾಡಿದ ಒಂದು ಚೂರನ್ನು ಎತ್ತಿಟ್ಟುಕೊಂಡೆ. ವಾರವಾರವೂ ಒರೆಸಿ ಒರೆಸಿ ಬೇಜಾರಾಗಿತ್ತು. ಒಂದು ಸಲ ಸರಿಯಾಗಿ ಉಜ್ಜಿಬಿಟ್ಟರೆ ತಿಂಗಳುಗಟ್ಟಲೆ ನಿಶ್ಚಿಂತೆ ಎಂದುಕೊಂಡು, ಯಾರೂ ಇಲ್ಲದ ಮಧ್ಯಾಹ್ನ ಒಂದೊಂದೇ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ಹಳಿಯನ್ನು ಉಜ್ಜಿದೆ. ಆ ಭಾನುವಾರ ರೈಲು ಓಡಿದ ಹಾಗೆ ಇನ್ನೆಂದೂ ಓಡಿರಲಿಲ್ಲ. ಹದಿನೈದು ಸುತ್ತು, ಒಂದೂ ಮುಗ್ಗರಿಸಲಿಲ್ಲ. ಅಣ್ಣ ನನ್ನ ತಲೆ ಸವರಿದ.

ಮಳೆಗಾಲ ಹಿಡಿಯಿತು. ಮಲೆನಾಡಿನ ಅಂಚಿನ ಊರು, ಗೋಡೆಯೇ ಬೆವರುವ ಕಾಲ. ಒಂದು ತಿಂಗಳು ಪೆಟ್ಟಿಗೆಯಲ್ಲಿಟ್ಟ ಹಳಿಯನ್ನು ಹೊರಗೆ ತೆಗೆದಾಗ ಅದು ಕೆಂಪಗೆ ತುಕ್ಕು ಹಿಡಿದಿತ್ತು. ಅಮ್ಮ ಸೀಮೆಎಣ್ಣೆ ಹಚ್ಚಿ ನೋಡಿದಳು. ರೈಲು ಅಲುಗಲಿಲ್ಲ. ದೀಪಾವಳಿಗೆ ಬಂದ ಮಾವ ಅದನ್ನು ನೋಡಿ, "ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಒದ್ದೆಯಲ್ಲಿ ಎಸೆದಿದ್ದೀಯಲ್ಲೋ, ಸಾಮಾನಿನ ಬೆಲೆ ಗೊತ್ತಿಲ್ಲದವನು" ಎಂದು ಎಲ್ಲರ ಎದುರಿಗೆ ಅಣ್ಣನನ್ನು ಬೈದರು. ಅಪ್ಪ ಒಂದೇಟು ಹಾಕಿದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಕಲಾಯಿ ಪಾತ್ರೆಗೆ ಮರಳು ಹಾಕಿ ತಿಕ್ಕಬಾರದೆಂದು ಅಮ್ಮ ನನಗೆ ನೂರು ಸಲ ಹೇಳಿಕೊಟ್ಟಿದ್ದಳು. ರೈಲಿನ ಹಳಿಯೂ ಕಲಾಯಿಯೇ ಎಂದು ನನಗೆ ಗೊತ್ತಿರಲಿಲ್ಲ. ಆದರೆ ನನ್ನಿಂದಲೇ ಏನೋ ಆಗಿದೆ ಎಂದು ಗೊತ್ತಿತ್ತು. ಮಾತಾಡಲಿಲ್ಲ.

ಮೊನ್ನೆ ಶಿವಮೊಗ್ಗದ ಮನೆ ಖಾಲಿ ಮಾಡುವಾಗ ಅಟ್ಟದಿಂದ ಆ ಪೆಟ್ಟಿಗೆ ಇಳಿಯಿತು. ಅಣ್ಣ ಅದನ್ನು ನಡುಮನೆಯಲ್ಲಿಟ್ಟು ಬಿಚ್ಚಿದ. ಕನ್ನಡಕ ಏರಿಸಿ ಹಳಿಯ ತುಂಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದ. ತುಕ್ಕಿನ ನಡುವೆಯೂ ಉದ್ದುದ್ದ ಗೀರುಗಳು ಕಾಣುತ್ತಿದ್ದವು, ಬಾಚಣಿಗೆ ಎಳೆದ ಹಾಗೆ.

"ಅಣ್ಣಾ, ಅದು ನಾನೇ ಕಣೋ" ಎಂದೆ. "ಬಡಗಿಯ ಮರಳು ಕಾಗದ."

"ಗೊತ್ತು ಕಣೇ" ಎಂದ. "ಅವತ್ತು ಬಟ್ಟೆ ಬೇಕೆಂದು ನಿನ್ನ ಜೇಬಿಗೆ ಕೈ ಹಾಕಿದ್ದೆ. ಬಟ್ಟೆಯ ಜೊತೆ ಅದೂ ಸಿಕ್ಕಿತ್ತು."

"ಮತ್ತೆ ಮಾವನಿಗೆ ಯಾಕೆ ಹೇಳಲಿಲ್ಲ?"

ಅವನು ಅದಕ್ಕೆ ಉತ್ತರ ಕೊಡಲಿಲ್ಲ. ಎಂಜಿನ್ನನ್ನು ಎತ್ತಿ ಮಗುಚಿ ನೋಡಿದ. ಗಾಲಿಯ ಸುತ್ತ ಕರಿಯ ಬಳೆ ಹಾಗೇ ಕೂತಿತ್ತು, ಐವತ್ತು ವರ್ಷದ್ದು. ಹಳಿ ಹೋದರೂ ಎಂಜಿನ್ನು ಬದುಕಿರಬಹುದು ಎಂದೆ. ನೆಲದ ಮೇಲೆ ಒಂದು ಹಳೆಯ ಪೇಪರ್ ಹಾಸಿ, ಅಡುಗೆಮನೆಯಿಂದ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನೂ ಒಂದು ಬಟ್ಟಲಲ್ಲಿ ಸೀಮೆಎಣ್ಣೆಯನ್ನೂ ತಂದೆ. ಅಣ್ಣ ಎಂಜಿನ್ನನ್ನು ನನ್ನ ಕೈಗೆ ಕೊಡಲು ಬಂದ. "ನೀನು ಒರೆಸು, ನಾನು ಹಿಡಿದುಕೊಂಡಿರುತ್ತೇನೆ" ಎಂದೆ.